ಹಾಲಿಗೆ ಹಾಕಿದ ಹೆಪ್ಪು ಯಾವುದು?

ಕಳೆದ ತಿಂಗಳು ನಮ್ಮ ಮೊಮ್ಮಗಳು ಅಡುಗೆಮನೆಯನ್ನು ವಶಕ್ಕೆ ತೆಗೆದುಕೊಂಡು, ಖಾರದ ಟೊಮೆಟೊ ಪಾಸ್ತಾ ಮಾಡಿ, ಮೇಲೆ ಫೆಟಾ ಎಂಬ ಗ್ರೀಸ್ ದೇಶದ ಚೀಸನ್ನು ಉದುರಿಸಿ ಬಡಿಸುವೆನೆಂದು ಸಾರಿದಳು. ಚೀಸಿನ ಪೊಟ್ಟಣವನ್ನು ಲಂಡನ್ನಿನಿಂದ ಬಂದಿದ್ದ ಬಂಧುಗಳೊಬ್ಬರು ತಂದಿದ್ದರು. ನಮ್ಮ ಮನೆಯವರು ಕೇಳಿದ್ದು ಒಂದೇ ಮಾತು: "ಈ ಹಾಲಿಗೆ ಯಾವುದರ ಹೆಪ್ಪು ಹಾಕ್ಯಾರವ್ವಾ?"

ಪ್ರಶ್ನೆ ಸಣ್ಣದಲ್ಲ. ಮೊಸರಿಗೆ ಮೊಸರನ್ನೇ ಹೆಪ್ಪು ಹಾಕುವವರು ನಾವು. ಪನೀರಿಗೆ ನಿಂಬೆರಸ ಸಾಕು. ಫೆಟಾ ಹಾಗಲ್ಲ. ಕುರಿಯ ಹಾಲಿಗೆ ನೂರಕ್ಕೆ 30 ಪಾಲು ಮೀರದಂತೆ ಆಡಿನ ಹಾಲನ್ನು ಕೂಡಿಸಬಹುದು. ಅದನ್ನು ರೆನೆಟ್ ಎಂಬ ದ್ರವ್ಯದಿಂದ ಗಟ್ಟಿಗೊಳಿಸಿ, ಉಪ್ಪುನೀರಿನಲ್ಲಿರಿಸಿ, ಒಟ್ಟು 2 ತಿಂಗಳಾದರೂ ಮಾಗಿಸುತ್ತಾರೆ. ಆ ರೆನೆಟ್ಟು ಪರಂಪರೆಯಿಂದ ಬಂದಿರುವುದು ಹಾಲುಗುಡಿಯುವ ಕುರಿಮರಿ, ಆಡುಮರಿಗಳ ಜಠರದಿಂದ. ಮರಿಯನ್ನು ಕೊಲ್ಲದೆ ಅದು ದೊರೆಯದು. ಸೂಕ್ಷ್ಮಜೀವಿಗಳಿಂದ ತಯಾರಾದ ರೆನೆಟ್ಟೂ ಈಗ ಬಳಕೆಯಲ್ಲಿದೆಯೆಂಬುದು ಸಮಾಧಾನದ ಸಂಗತಿ. ಆದರೆ ಲಂಡನ್ನಿನ ಪೊಟ್ಟಣದ ಮೇಲೆ 'ರೆನೆಟ್' ಎಂಬಷ್ಟೇ ಇತ್ತು, ನಮ್ಮಲ್ಲಿಯ ಹಸಿರು ಚುಕ್ಕೆ ಇರಲಿಲ್ಲ. ಅದನ್ನು ಬದಿಗಿರಿಸಿದೆವು. ಯುರೋಪಿನ ಒಕ್ಕೂಟವು 2002ರಲ್ಲಿ ಫೆಟಾ ಎಂಬ ಹೆಸರನ್ನು ಗ್ರೀಸಿಗೇ ಮೀಸಲಿಟ್ಟಿದೆ. ನಮ್ಮ ಪೇಟೆಯಲ್ಲಿ ಹಸುವಿನ ಹಾಲಿನದೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ಹಸಿರು ಚುಕ್ಕೆಯ ಅಂಥದೊಂದನ್ನು ಹುಡುಗಿ ತಂದಳು.

ಅಡುಗೆಯ ಮೂಲ ರೋಮಿನದು. ಅಲ್ಲಿ ಈ ಸಾರಿಗೆ 'ಅರ್ರಾಬ್ಬಿಯಾತಾ', ಎಂದರೆ ಸಿಟ್ಟಿಗೆದ್ದದ್ದು, ಎಂಬ ಹೆಸರು. ಫೆಟಾ ಸೇರಿದ್ದು ಈಚೆಗೆ. ನಾಲ್ವರಿಗೆ 400 ಗ್ರಾಂ ಪಾಸ್ತಾ, 800 ಗ್ರಾಂ ಹಣ್ಣಾದ ಟೊಮೆಟೊ. ಮೂರು ಚಮಚ ಆಲಿವ್ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿಯನ್ನೂ ಮುರಿದ ಒಣಮೆಣಸಿನಕಾಯಿಯನ್ನೂ ಸಣ್ಣ ಉರಿಯಲ್ಲಿ ಬಾಡಿಸಬೇಕು, ಕರಕಾಗಬಾರದು. ಬ್ಯಾಡಗಿ ಬಣ್ಣ ಕೊಟ್ಟೀತು. ಸಿಟ್ಟಿಗೆ ಗುಂಟೂರೇ ಬೇಕು. ಸಿಪ್ಪೆ ತೆಗೆದ ಟೊಮೆಟೊ ಹಾಕಿ ಇಪ್ಪತ್ತು ನಿಮಿಷ ಕುದಿಸಿದರೆ ಎಣ್ಣೆ ಬಿಡುತ್ತದೆ. ಪಾಸ್ತಾವನ್ನು ಉಪ್ಪು ಹಾಕಿದ ಧಾರಾಳ ನೀರಿನಲ್ಲಿ ಬೇಯಿಸಿ, ತುಸು ಗಟ್ಟಿಯಿರುವಾಗಲೇ ಬಸಿದು ಸಾರಿಗೆ ಸೇರಿಸತಕ್ಕದ್ದು. ಬಸಿದ ನೀರನ್ನು ಚೆಲ್ಲಬೇಡಿ. ಅದರ ಗಂಜಿಯಿಂದಲೇ ಸಾರು ಪಾಸ್ತಾಕ್ಕೆ ಅಂಟುವುದು. ಫೆಟಾ ಬಹಳ ಉಪ್ಪು, ಆದುದರಿಂದ ಸಾರಿಗೆ ಬೇರೆ ಉಪ್ಪು ಬೇಡ. ಒಲೆಯಿಂದ ಇಳಿಸಿದ ಮೇಲೆ 150 ಗ್ರಾಂ ಉದುರಿಸಿದರೆ ಸಾಕು.

ಪಾಸ್ತಾ ಅಂಥ ಪರದೇಶಿಯೇನಲ್ಲ. ಅದಕ್ಕೆ ಬೇಕಾದ ಗಟ್ಟಿ ಗೋಧಿಯ ಜಾತಿಯೇ ನಮ್ಮ ಬನ್ಸಿ ರವೆಯದು.

ಲಂಡನ್ನಿನ ಬಂಧುಗಳು ಎರಡು ಸಲ ಬಡಿಸಿಕೊಂಡರು. ಊಟವಾದ ಬಳಿಕ ತಾವು ತಂದ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿದರು. ಆರು ವರ್ಷಗಳಿಂದ ಅದನ್ನೇ ತಿನ್ನುತ್ತಿದ್ದರಂತೆ. ಏನನ್ನೂ ಆಡದೆ, ನಮ್ಮ ಪೊಟ್ಟಣದ ಮೇಲಿನ ಹೆಪ್ಪಿನ ಹೆಸರನ್ನು ಚೀಟಿಯಲ್ಲಿ ಬರೆದು ಜೇಬಿಗಿರಿಸಿಕೊಂಡರು.