ಮಾಡಿದವನೋ, ಮಾಡಿಸಿದವನೋ?

ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ: ಇವು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹೇಳುವ ಅಹಿಂಸಾಣುವ್ರತದ ಐದು ಅತಿಚಾರಗಳು. ಕೂಡಿಹಾಕುವುದು, ಥಳಿಸುವುದು, ಮಿತಿಮೀರಿ ದುಡಿಸುವುದು, ಅನ್ನ ತಡೆಯುವುದು ಮ್ಯಾನ್ಮಾರ್, ಕಾಂಬೋಡಿಯಗಳ ಆನ್‌ಲೈನ್ ವಂಚನೆಯ ಅಡ್ಡೆಗಳಲ್ಲಿ ಇಂದಿಗೂ ಕಾಣುವ ಕ್ರೌರ್ಯಗಳೇ. ವಿಶ್ವಸಂಸ್ಥೆಯ 2023ರ ವರದಿಯ ಅಂದಾಜಿನಂತೆ ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000, ಕಾಂಬೋಡಿಯದಲ್ಲಿ ಸುಮಾರು 1,00,000 ಮಂದಿ ಹೀಗೆ ಸಿಲುಕಿದ್ದರು. 2025ರ ಮಾರ್ಚ್‌ನಲ್ಲಿ ಭಾರತವು ತನ್ನ 549 ಪ್ರಜೆಗಳನ್ನು ವಿಮಾನದಲ್ಲಿ ಕರೆತಂದಿತು.

ಇದರ ಮೂಲವನ್ನು ಯುವಕರ ಆಸೆಯಲ್ಲಷ್ಟೇ ಹುಡುಕುವುದು ನ್ಯಾಯವಲ್ಲ. ಹಂಪಾಪುರದಂತಹ ಊರಿನಲ್ಲಿ ಓದಿದ ಮಗ ಮನೆಯ ಸಾಲ ತೀರಿಸಲು ದೂರದ ಕೆಲಸ ಬಯಸಿದರೆ ಅದು ಲೋಭವಲ್ಲ, ಜೀವನೋಪಾಯ. ಲೋಭಕಷಾಯವಿರುವುದು ಸುಳ್ಳು ನೌಕರಿ ತೋರಿಸುವ ದಲ್ಲಾಳಿಯಲ್ಲಿ, ಪಾಸ್‌ಪೋರ್ಟ್ ಕಸಿದು ಮೋಸ ಮಾಡಿಸುವ ಒಡೆಯನಲ್ಲಿ. ಪರರನ್ನು ಕಳವಿಗೆ ತೊಡಗಿಸುವುದನ್ನು ಆಗಮಪರಂಪರೆ ಸ್ತೇನಪ್ರಯೋಗವೆಂದು ಕರೆದು ಅಚೌರ್ಯವ್ರತದ ಅತಿಚಾರಗಳಲ್ಲಿ ಮೊದಲಿಗೆ ಎಣಿಸಿದೆ. ಕೃತದಷ್ಟೇ ಕಾರಿತವೂ ಅನುಮೋದನೆಯೂ ಕರ್ಮಬಂಧಕ್ಕೆ ಕಾರಣ.

ಆದುದರಿಂದ ಮರಳಿ ಬಂದವನನ್ನು ಕಳ್ಳನೆಂದು ದೂರವಿಡದೆ ಕರುಣೆಯಿಂದ ಬರಮಾಡಿಕೊಳ್ಳುವುದು ಶ್ರಾವಕಧರ್ಮ. ಹೊರಡುವವನಿಗೆ, ದಲ್ಲಾಳಿಯ ನೋಂದಣಿಯನ್ನು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಪರಿಶೀಲಿಸಿಕೊಡುವುದೂ ಅಭಯದಾನವೇ.