ಗಡ್ಡದ ಲೆಕ್ಕ: ಬ್ಲೇಡೋ, ಕರೆಂಟಿನ ಮಷೀನೋ?

ಗಡ್ಡ ಬೋಳಿಸುವುದಕ್ಕೂ ಸಮಾಜವಾದಕ್ಕೂ ಏನು ಸಂಬಂಧವೆಂದು ಕೆಲವರು ನಗಬಹುದು. ನಗಲಿ. ದುಡಿಯುವವನ ಜೇಬಿನಿಂದ ಹೊರಬೀಳುವ ಪ್ರತಿಯೊಂದು ರೂಪಾಯಿಗೂ ಸಮಾಜವಾದಕ್ಕೂ ಸಂಬಂಧವಿದೆ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳಲ್ಲಾಗಲಿ, ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಾಗಲಿ, ಕುರುಗೋಡಿನ ಬಜಾರಿನಲ್ಲಾಗಲಿ ಇಂದು ಮೊಬೈಲ್ ಇಲ್ಲದ ಕೈ ಅಪರೂಪ. ಆ ಮೊಬೈಲ್ ತೆರೆದರೆ ಕರೆಂಟಿನ ಶೇವರ್ ಕಂಪನಿಯವರ ಜಾಹೀರಾತು. ನೀರು ಬೇಡ, ಸೋಪು ಬೇಡ, ಗಾಯದ ಭಯವಿಲ್ಲ, ಎರಡು ನಿಮಿಷ ಸಾಕು, ಕೈಯಲ್ಲಿ ದುಡ್ಡಿಲ್ಲದಿದ್ದರೆ ಕಂತಿನಲ್ಲಿ ಕೊಡಿ ಎಂದು ಅದು ಕರೆಯುತ್ತದೆ. ಬ್ರಷ್ಷು, ನೊರೆ, ಬ್ಲೇಡು ಹಳೆಯ ಕಾಲದವರ ವಸ್ತುಗಳು, ಮಷೀನು ಹಿಡಿದವನೇ ನಾಗರಿಕ ಎಂಬ ಮಾತು ನಮ್ಮ ಯುವಕರ ಬಾಯಲ್ಲೂ ಬರತೊಡಗಿದೆ. ಈ ಮಾತು ನಿಜವೇ ಎಂದು ಪರಿಶೀಲಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲೇ ಒಂದು ಮಾತು ಸ್ಪಷ್ಟಪಡಿಸಬೇಕು. ನಾವು ಯಂತ್ರದ ವೈರಿಗಳಲ್ಲ. ಗಾಂಧೀಜಿಯವರೇ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರವನ್ನು ಒಳ್ಳೆಯ ಯಂತ್ರಗಳ ಸಾಲಿಗೆ ಸೇರಿಸಿದ್ದರು. ಡಾ. ರಾಮಮನೋಹರ ಲೋಹಿಯಾ ಅವರು ಹಳ್ಳಿಗೂ ಸಣ್ಣ ಪಟ್ಟಣಕ್ಕೂ ಒಗ್ಗುವ ಸಣ್ಣ ಯಂತ್ರದ ಪರವಾಗಿ ಜೀವನವಿಡೀ ವಾದಿಸಿದರು. ಆದ್ದರಿಂದ ಯಾವ ಯಂತ್ರ ಬಂದರೂ ನಾವು ಕೇಳಬೇಕಾದ ಪ್ರಶ್ನೆಗಳು ಮೂರು. ಹೇಳಿದ ಕೆಲಸವನ್ನು ಅದು ಮಾಡುತ್ತದೆಯೇ? ಅದಕ್ಕೆ ತೆತ್ತ ಹಣ ಎಲ್ಲಿಗೆ ಹೋಗುತ್ತದೆ? ಅದೇ ಕೆಲಸದಿಂದ ಹೊಟ್ಟೆ ಹೊರೆಯುವ ನಮ್ಮ ಅಣ್ಣತಮ್ಮಂದಿರ ಗತಿಯೇನು?

ಮೊದಲನೆಯದನ್ನು ನೋಡೋಣ. ಒಣಗಿದ ಗಡ್ಡದ ಕೂದಲು ಗಡುಸು. ಬಿಸಿನೀರಿನಲ್ಲಿ ಎರಡು ಮೂರು ನಿಮಿಷ ನೆನೆದರೆ ಅದು ನೀರು ಕುಡಿದು ಉಬ್ಬಿ ಮೆತ್ತಗಾಗುತ್ತದೆ. ಆಗ ಅದನ್ನು ಕತ್ತರಿಸಲು ಬ್ಲೇಡಿಗೆ ಹೆಚ್ಚು ಬಲ ಬೇಕಾಗುವುದಿಲ್ಲ. ನೊರೆಯ ಕೆಲಸವೆಂದರೆ ಆ ನೀರನ್ನು ಕೂದಲಿನಲ್ಲಿ ಹಿಡಿದಿಡುವುದು ಮತ್ತು ಬ್ಲೇಡು ಚರ್ಮದ ಮೇಲೆ ಜಾರಲು ಅನುವು ಮಾಡಿಕೊಡುವುದು. ನಮ್ಮ ಕ್ಷೌರಿಕರು ಕೆನ್ನೆಗೆ ನೀರು ಹಚ್ಚಿ ಚೆನ್ನಾಗಿ ತಿಕ್ಕಿ, ಆಮೇಲೆ ಬ್ರಷ್ಷು ಆಡಿಸುವುದು ಸುಮ್ಮನೆ ಅಲ್ಲ. ತಲೆಮಾರುಗಳ ಅನುಭವ ಅದರಲ್ಲಿದೆ.

ಕರೆಂಟಿನ ಮಷೀನಿನ ರೀತಿಯೇ ಬೇರೆ. ತೂತುಗಳಿರುವ ತೆಳ್ಳನೆಯ ತಗಡು ಚರ್ಮಕ್ಕೆ ತಾಗುತ್ತದೆ. ತೂತಿನೊಳಗೆ ನುಗ್ಗಿದ ಕೂದಲನ್ನು ಒಳಗಿರುವ ಅಲಗು ಕತ್ತರಿಸುತ್ತದೆ. ಅಲಗಿಗೂ ಚರ್ಮಕ್ಕೂ ನಡುವೆ ತಗಡು ಇರುವುದರಿಂದ ಗಾಯ ಕಡಿಮೆ ಎಂಬುದು ನಿಜ. ಆದರೆ ಅದೇ ತಗಡಿನ ದಪ್ಪದಷ್ಟು ಕೂದಲು ಉಳಿಯುವುದೂ ನಿಜ. ಮಷೀನಿನ ಗಡ್ಡ ಬ್ಲೇಡಿನ ಗಡ್ಡದಷ್ಟು ನುಣುಪಾಗುವುದಿಲ್ಲ. ನಾಲ್ಕು ದಿನ ಬಿಟ್ಟ ಗಡ್ಡವಾದರೆ ತೂತಿನೊಳಗೆ ಸರಿಯಾಗಿ ಹೋಗದೆ ಎಳೆದಾಡುತ್ತದೆ. ಬೆವರಿದ ಮುಖದ ಮೇಲೆ ಒಣ ಮಷೀನು ಸರಾಗವಾಗಿ ಓಡುವುದಿಲ್ಲ. ನಲವತ್ತು ಡಿಗ್ರಿ ದಾಟುವ ಬಳ್ಳಾರಿಯ ಬೇಸಿಗೆಯಲ್ಲಿ ಬೆವರದ ಮುಖ ಯಾವುದು?

ಹಾಗೆಂದು ಮಷೀನಿನಿಂದ ಉಪಯೋಗವೇ ಇಲ್ಲವೆಂದು ನಾವು ಹೇಳುವುದಿಲ್ಲ. ಕೈ ನಡುಗುವ ಮುದುಕರಿಗೆ, ಹಾಸಿಗೆ ಹಿಡಿದ ರೋಗಿಗೆ, ರಕ್ತ ಬೇಗ ಹೆಪ್ಪುಗಟ್ಟದಂತೆ ಔಷಧಿ ತೆಗೆದುಕೊಳ್ಳುವವರಿಗೆ ಅದು ಉಪಕಾರಿ. ಗುಂಗುರು ಕೂದಲಿನವರು ತೀರ ನುಣ್ಣಗೆ ಬೋಳಿಸಿದರೆ ಕೂದಲು ಒಳಮುಖವಾಗಿ ಬೆಳೆದು ಗುಳ್ಳೆ ಏಳುತ್ತವೆ. ಅವರಿಗೂ ಮಷೀನು ಮೇಲು. ನಲ್ಲಿಯಲ್ಲಿ ದಿನವೂ ನೀರು ಕಾಣದ ಓಣಿಯವರು ನೀರಿನ ಉಳಿತಾಯದ ಮಾತೆತ್ತಿದರೆ ಅದನ್ನೂ ತಳ್ಳಿಹಾಕಲಾರೆವು. ಆದರೆ ಒಂದು ಗಡ್ಡಕ್ಕೆ ಬೇಕಾದದ್ದು ಒಂದು ಚೊಂಬು ನೀರು. ಅದಕ್ಕೂ ಗತಿಯಿಲ್ಲದಿದ್ದರೆ ಕೇಳಬೇಕಾದದ್ದು ನಗರಪಾಲಿಕೆಯನ್ನೇ ಹೊರತು ಶೇವರ್ ಕಂಪನಿಯನ್ನಲ್ಲ.

ಇನ್ನು ಹಣದ ಮಾತು. ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುವ ಲೆಕ್ಕದಂತೆ ಒಂದೊಂದಾಗಿ ನೋಡೋಣ. ವಾರಕ್ಕೆ ಮೂರು ಸಲ ಗಡ್ಡ ಮಾಡಿಕೊಳ್ಳುವವನಿಗೆ ವರ್ಷಕ್ಕೆ 156 ಗಡ್ಡಗಳಾದವು. ಎರಡು ಅಂಚಿನ ಒಂದು ಬ್ಲೇಡು ಐದು ಗಡ್ಡಕ್ಕೆ ಬಂದರೆ ವರ್ಷಕ್ಕೆ 32 ಬ್ಲೇಡು. ಬ್ಲೇಡಿಗೆ 3 ರೂಪಾಯಿಯಂತೆ ಹಿಡಿದರೆ 96 ರೂಪಾಯಿ. ಸೋಪಿನ ಖರ್ಚು ಸೇರಿಸಿದರೂ ಇನ್ನೂರು ಮುನ್ನೂರು ದಾಟುವುದಿಲ್ಲ. ಎರಡು ಸಾವಿರ ರೂಪಾಯಿಯ ಮಷೀನು ನಾಲ್ಕು ವರ್ಷ ಬಾಳಿತೆಂದು ಹಿಡಿದರೆ ವರ್ಷಕ್ಕೆ ಐನೂರು. ಅಷ್ಟಕ್ಕೇ ಮುಗಿಯಲಿಲ್ಲ. ಮಷೀನಿನ ತಗಡು ಮತ್ತು ಅಲಗನ್ನು ಒಂದೂವರೆ ಎರಡು ವರ್ಷಕ್ಕೊಮ್ಮೆ ಬದಲಿಸಬೇಕೆಂದು ದೊಡ್ಡ ಕಂಪನಿಗಳೇ ಹೇಳುತ್ತವೆ. ಬ್ಯಾಟರಿ ಸತ್ತರೆ ರಿಪೇರಿಗೆ ಬಳ್ಳಾರಿಯಲ್ಲಿ ಅಲೆಯಬೇಕು. ಕಂತಿನಲ್ಲಿ ಕೊಂಡರೆ ಬಡ್ಡಿ ಬೇರೆ. ಕರೆಂಟಿನ ಖರ್ಚು ಮಾತ್ರ ಲೆಕ್ಕಕ್ಕೆ ಬಾರದಷ್ಟು ಅಲ್ಪ, ಅದನ್ನು ಒಪ್ಪಿಕೊಳ್ಳೋಣ.

ಸರ್ಕಾರದ ತೆರಿಗೆಯ ನ್ಯಾಯವನ್ನೂ ಓದುಗರು ಗಮನಿಸಬೇಕು. 2017ರಲ್ಲಿ ಜಿ.ಎಸ್.ಟಿ. ಬಂದಾಗ ಕರೆಂಟಿನ ಶೇವರ್ ಮೇಲೆ ಶೇಕಡ 28 ತೆರಿಗೆ ಇತ್ತು. 2018ರ ಜುಲೈನಲ್ಲಿ ಅದನ್ನು ಶೇಕಡ 18ಕ್ಕೆ ಇಳಿಸಿದರು. ಬಡವನ ಗಡ್ಡದ ಕ್ರೀಮಿಗೂ ಅದೇ ಶೇಕಡ 18. ಹೀಗೆ ಏಳು ವರ್ಷಕ್ಕೂ ಮೇಲ್ಪಟ್ಟು ಉಳ್ಳವನ ಮಷೀನೂ ಇಲ್ಲದವನ ನೊರೆಯೂ ಒಂದೇ ತಕ್ಕಡಿಯಲ್ಲಿ ತೂಗಿಸಿಕೊಂಡವು. ಕ್ರೀಮಿನ ತೆರಿಗೆ ಶೇಕಡ 5ಕ್ಕೆ ಇಳಿದದ್ದು 2025ರ ಸೆಪ್ಟೆಂಬರಿನಲ್ಲಿ.

ಈ ಹಣವೆಲ್ಲ ಸೇರುವುದು ಎಲ್ಲಿಗೆ? ಇದರ ಇತಿಹಾಸ ತಿಳಿಯುವುದು ಒಳ್ಳೆಯದು. ಅಮೆರಿಕದ ಕಿಂಗ್ ಜಿಲೆಟ್ ಎಂಬಾತ ಬಳಸಿ ಎಸೆಯುವ ಬ್ಲೇಡಿನ ಸೇಫ್ಟಿ ರೇಜರನ್ನು 1903ರಲ್ಲಿ ಮಾರಾಟಕ್ಕಿಟ್ಟಾಗ ಆ ವರ್ಷ ಮಾರಾಟವಾದ ರೇಜರುಗಳು ಕೇವಲ 51. ಮರುವರ್ಷ ಅದು 90 ಸಾವಿರಕ್ಕೆ ಏರಿತು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ತನ್ನ ಸಿಪಾಯಿಗಳಿಗೆ ಅದನ್ನು ಹಂಚಿತು. ಅಲ್ಲಿಂದ ಮುಂದೆ ಕಂಪನಿಯವರ ಜಾಣತನ ನೋಡಿ. 1971ರಲ್ಲಿ ಎರಡು ಬ್ಲೇಡು, 1998ರಲ್ಲಿ ಮೂರು ಬ್ಲೇಡು, 2006ರಲ್ಲಿ ಐದು ಬ್ಲೇಡು. ಗಡ್ಡ ಮಾತ್ರ ಅಜ್ಜನ ಕಾಲದ್ದೇ! ಇತ್ತ 1931ರಲ್ಲಿ ಜೇಕಬ್ ಶಿಕ್ ಎಂಬ ಅಮೆರಿಕದ ನಿವೃತ್ತ ಸೈನ್ಯಾಧಿಕಾರಿ ಕರೆಂಟಿನ ಶೇವರನ್ನು ಮಾರುಕಟ್ಟೆಗೆ ತಂದ. 1939ರಲ್ಲಿ ಹಾಲೆಂಡಿನ ಫಿಲಿಪ್ಸ್ ಕಂಪನಿ ತಿರುಗುವ ಅಲಗಿನ ಶೇವರ್ ತಂದಿತು. ಬ್ಲೇಡಿನವರೂ ಮಷೀನಿನವರೂ ಹೋರಾಡುತ್ತಿದ್ದಾರೆಂದು ನಾವು ತಿಳಿದಿದ್ದರೆ ಅದು ಭ್ರಮೆ. ಜರ್ಮನಿಯ ಬ್ರೌನ್ ಶೇವರ್ ಕಂಪನಿಯನ್ನು 1967ರಲ್ಲಿ ಇದೇ ಬ್ಲೇಡಿನ ಜಿಲೆಟ್ ಕಂಪನಿ ಕೊಂಡುಕೊಂಡಿತು. 2005ರಲ್ಲಿ ಎರಡನ್ನೂ ಒಟ್ಟಿಗೆ ಪ್ರಾಕ್ಟರ್ ಆಂಡ್ ಗ್ಯಾಂಬಲ್ ಎಂಬ ಭಾರಿ ಕಂಪನಿ ನುಂಗಿತು. ಹಳತು ಬೇಕೋ ಹೊಸತು ಬೇಕೋ ಎಂದು ಇಲ್ಲಿ ನಾವು ಜಗಳವಾಡುತ್ತಿದ್ದರೆ, ಅಲ್ಲಿ ಎರಡರ ದುಡ್ಡೂ ಒಂದೇ ಗಲ್ಲಾಪೆಟ್ಟಿಗೆಗೆ ಬೀಳುತ್ತಿದೆ.

ಇದೇ ಕಂಪನಿ ಭಾರತದವರಿಗೆಂದು ಹಿಂದೊಮ್ಮೆ ಒಂದು ರೇಜರ್ ಮಾಡಿ, ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳಿಗೆ ಕೊಟ್ಟು ಪರೀಕ್ಷಿಸಿತು. ಅವರು ಭೇಷ್ ಎಂದರು. ಇಲ್ಲಿಗೆ ತಂದರೆ ನಡೆಯಲಿಲ್ಲ. ಕಾರಣವೇನೆಂದರೆ ಅಲ್ಲಿ ನಲ್ಲಿ ಬಿಟ್ಟು ರೇಜರ್ ತೊಳೆಯುತ್ತಿದ್ದರು. ಇಲ್ಲಿ ನಮ್ಮ ಜನ ಒಂದು ಬಟ್ಟಲು ನೀರಿನಲ್ಲಿ ಅದ್ದಿ ಅದ್ದಿ ಗಡ್ಡ ಮಾಡಿಕೊಳ್ಳುತ್ತಾರೆ, ಕೂದಲು ಒಳಗೇ ಸಿಕ್ಕಿಕೊಂಡಿತು. ಆಮೇಲೆ ಅವರು ನಮ್ಮವರ ಮನೆಗಳಿಗೇ ಬಂದು ನೋಡಿ, 2010ರಲ್ಲಿ ಒಂದೇ ಬ್ಲೇಡಿನ, 15 ರೂಪಾಯಿಯ ರೇಜರನ್ನು ಹೊರತಂದರು. ಲಾಭಕ್ಕಾಗಿ ಕಂಪನಿಯವರು ಬಡವನ ಬಟ್ಟಲನ್ನು ಬಗ್ಗಿ ನೋಡಬಲ್ಲರು. ಓಟಿಗಾಗಿ ಬರುವ ನಮ್ಮ ಮಂತ್ರಿಗಳು ಅಷ್ಟಾದರೂ ಬಗ್ಗಿ ನೋಡಿದ್ದಾರೆಯೇ?

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಕ್ಷೌರಿಕ ನಮ್ಮ ಹಳ್ಳಿಗಳ ಆಯಗಾರರಲ್ಲಿ ಒಬ್ಬ. ವರ್ಷವಿಡೀ ಊರಿನ ತಲೆ, ಗಡ್ಡ ನೋಡಿಕೊಂಡು ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಜೋಳವನ್ನೋ ಭತ್ತವನ್ನೋ ಆಯ ಪಡೆಯುತ್ತಿದ್ದ. ಕಣದ ಆಯ ಅಳಿದು ಪಟ್ಟಣದ ಕಟಿಂಗ್ ಅಂಗಡಿ ಬಂದದ್ದು ಅವನ ಪಾಲಿಗೆ ಒಂದು ಬಿಡುಗಡೆಯೇ ಸರಿ. ಈಗ ಅವನು ಯಾರ ಕಣದಲ್ಲೂ ಕೈಯೊಡ್ಡಬೇಕಾಗಿಲ್ಲ. ದರಪಟ್ಟಿ ಗೋಡೆಯ ಮೇಲಿದೆ. ಈ ಕಸುಬು ಎಷ್ಟು ಜನರದ್ದು? 2020ರ ಲಾಕ್‌ಡೌನಿನಲ್ಲಿ ಅಂಗಡಿಗಳು ಮುಚ್ಚಿದಾಗ ರಾಜ್ಯ ಸರ್ಕಾರ ತಲಾ 5,000 ರೂಪಾಯಿ ಪರಿಹಾರ ಘೋಷಿಸಿತು. ಆಗ ಅದು ಲೆಕ್ಕ ಹಿಡಿದದ್ದು ರಾಜ್ಯದಲ್ಲಿ 2,30,000 ಕ್ಷೌರಿಕರನ್ನು. ಅಂಗಡಿ ಮುಚ್ಚಿದ ಆ ತಿಂಗಳುಗಳಲ್ಲೇ ಎಷ್ಟೋ ಮನೆಗಳಿಗೆ ಟ್ರಿಮ್ಮರ್ ಬಂತು. ಬಂದ ಟ್ರಿಮ್ಮರ್ ವಾಪಸು ಹೋಗಲಿಲ್ಲ. ಜೊತೆಗೆ 2018ರ ಕೆ.ಜಿ.ಎಫ್. ಚಿತ್ರದ ನಾಯಕನಂತೆ ಗಡ್ಡ ಬಿಡುವ ಹುಡುಗರೂ ಹೆಚ್ಚಿದರು.

ಕ್ಷೌರಿಕನಾದರೂ ಯಂತ್ರವನ್ನು ದ್ವೇಷಿಸುವವನಲ್ಲ. ಕೈಮಷೀನು ಬಿಟ್ಟು ಕರೆಂಟಿನ ಮಷೀನು ಹಿಡಿದದ್ದು ಅವನೇ ಮೊದಲು. ಒಂದೇ ಮಷೀನು ಅವನ ಅಂಗಡಿಯಲ್ಲಿ ನೂರು ಜನಕ್ಕೆ ಸೇವೆ ಮಾಡುತ್ತದೆ, ಒಂದು ಸಂಸಾರಕ್ಕೆ ಅನ್ನ ಕೊಡುತ್ತದೆ. ಸಣ್ಣ ಯಂತ್ರ ಸರಿಯಾದ ಕೈಯಲ್ಲಿರುವುದೆಂದರೆ ಇದೇ. ಆದರೆ 2023ರ ಗೃಹಜ್ಯೋತಿ ಮನೆಯ ಮೀಟರಿಗೆ ಮಾತ್ರ. ಮನೆಯಲ್ಲಿ ಕೂತು ಶೇವರ್ ಓಡಿಸುವವನಿಗೆ ಕರೆಂಟು ಪುಕ್ಕಟೆ. ಅದೇ ಕೆಲಸದಿಂದ ಬದುಕುವವನಿಗೆ ವಾಣಿಜ್ಯ ದರ. ಇದು ಯಾವ ನ್ಯಾಯ?

ಅಂಗಡಿಯ ಶುಚಿತ್ವದ ಬಗ್ಗೆಯೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಹೆಪಟೈಟಿಸ್ ಬಿ ರೋಗಾಣು ಒಣಗಿದ ರಕ್ತದಲ್ಲಿ ದೇಹದ ಹೊರಗೆ ಕನಿಷ್ಠ ಏಳು ದಿನ ಬದುಕಿರಬಲ್ಲದು. ಆದುದರಿಂದ ಪ್ರತಿಯೊಬ್ಬ ಗಿರಾಕಿಗೂ ಕಣ್ಣೆದುರೇ ಹೊಸ ಬ್ಲೇಡಿನ ತುಂಡು ಹಾಕಬೇಕು. ಎಲ್ಲರ ಕೆನ್ನೆಗೂ ಒಂದೇ ಸ್ಫಟಿಕ ತಿಕ್ಕುವುದು ನಿಲ್ಲಬೇಕು. ಕೇಳುವುದು ಗಿರಾಕಿಯ ಹಕ್ಕು. ಕೇಳಿದವನ ಮೇಲೆ ಕ್ಷೌರಿಕ ಮುನಿಯಬಾರದು. ಮನೆಯಲ್ಲಿ ಒಂದೇ ಶೇವರನ್ನು ಅಣ್ಣತಮ್ಮಂದಿರೆಲ್ಲ ಬಳಸುವುದೂ ತಪ್ಪೇ. ಮಷೀನು ಎಂದ ಮಾತ್ರಕ್ಕೆ ಅದು ಚರ್ಮ ತರಚುವುದೇ ಇಲ್ಲವೆಂದಲ್ಲ.

ಆದರೆ ಬ್ಲೇಡು ಒಳ್ಳೆಯದೋ ಮಷೀನು ಒಳ್ಳೆಯದೋ ಎಂದು ಆರಿಸುವ ಸ್ವಾತಂತ್ರ್ಯವೇ ಇಲ್ಲದ ಜನರೂ ನಮ್ಮ ನಡುವೆ ಇದ್ದಾರೆ. ಕಟಿಂಗ್ ಅಂಗಡಿಯ ಬಾಗಿಲು ತಮಗೆ ಮುಚ್ಚಿದ್ದರಿಂದ ಮನೆಯಲ್ಲೇ ರೇಜರ್ ಹಿಡಿದವರು ಅವರು. ಗಾಂಧೀಜಿ ಪ್ರಿಟೋರಿಯಾದಲ್ಲಿದ್ದಾಗ ಒಬ್ಬ ಬಿಳಿಯ ಕ್ಷೌರಿಕ ಅವರ ಕೂದಲು ಕತ್ತರಿಸಲು ಒಪ್ಪಲಿಲ್ಲ. ಅವರು ಕೈಮಷೀನು ಕೊಂಡು ಕನ್ನಡಿಯ ಮುಂದೆ ತಾವೇ ಕತ್ತರಿಸಿಕೊಂಡರು. ಕೋರ್ಟಿನಲ್ಲಿ ಸ್ನೇಹಿತರು ಇಲಿ ಕಚ್ಚಿತೇ ಎಂದು ನಕ್ಕರು. ಇದನ್ನು ಆತ್ಮಕಥೆಯಲ್ಲಿ ಬರೆದ ಗಾಂಧೀಜಿ ಆ ಕ್ಷೌರಿಕನನ್ನು ದೂರಲಿಲ್ಲ. ನಾವು ನಮ್ಮ ಕ್ಷೌರಿಕರನ್ನು ಅಸ್ಪೃಶ್ಯರ ಸೇವೆಗೆ ಬಿಡುತ್ತೇವೆಯೇ, ಅದರ ಫಲ ನನಗೆ ದೊರೆಯಿತು ಎಂಬ ಅರ್ಥದಲ್ಲಿ ಬರೆದರು.

ಅದು ಹಳೆಯ ಕಥೆಯೆಂದು ಯಾರೂ ಹೇಳುವಂತಿಲ್ಲ. 2020ರಲ್ಲಿ ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ ದಲಿತರ ಕೂದಲು ಕತ್ತರಿಸಿದ ಕ್ಷೌರಿಕನ ಸಂಸಾರಕ್ಕೇ ದಂಡ, ಬಹಿಷ್ಕಾರ ಎಂಬ ದೂರು ಬಂತು. 2024ರ ಆಗಸ್ಟಿನಲ್ಲಿ ನಮ್ಮ ನೆರೆಯ ಕೊಪ್ಪಳ ಜಿಲ್ಲೆಯ ಸಂಗನಾಳದಲ್ಲಿ ಕಟಿಂಗ್ ಅಂಗಡಿಯಲ್ಲೆದ್ದ ಜಗಳದಲ್ಲಿ ಒಬ್ಬ ದಲಿತ ಯುವಕ ಪ್ರಾಣವನ್ನೇ ಕಳೆದುಕೊಂಡ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿದೆ. 15ನೆಯ ವಿಧಿ ಅಂಗಡಿಯ ಬಾಗಿಲನ್ನು ಎಲ್ಲರಿಗೂ ತೆರೆದಿದೆ. ನಾಗರಿಕ ಹಕ್ಕುಗಳ ಸಂರಕ್ಷಣೆಗೆಂದು 1955ರಿಂದ ಕಾಯ್ದೆಯೂ ಇದೆ. ಇಷ್ಟಿದ್ದೂ ಒಂದು ಕುರ್ಚಿ, ಒಂದು ಕನ್ನಡಿಯ ಮುಂದೆ ಮನುಷ್ಯ ಮನುಷ್ಯನಾಗಿ ಕೂಡಲಾರನೆಂದರೆ ಸ್ವಾತಂತ್ರ್ಯದ ಅರ್ಥವೇನು? ಕುರುಗೋಡು, ಸಿರುಗುಪ್ಪ ತಾಲ್ಲೂಕುಗಳಲ್ಲಿ ಹೀಗಿಲ್ಲವೆಂದು ಎದೆ ತಟ್ಟಿಕೊಳ್ಳುವ ಮೊದಲು ನಾವು ಊರೂರಿಗೆ ಹೋಗಿ ನೋಡಬೇಕು.

ಇಲ್ಲಿ ಕ್ಷೌರಿಕನೊಬ್ಬನನ್ನೇ ಅಪರಾಧಿ ಮಾಡುವುದು ಸುಲಭ. ಅವನ ಕಸುಬಿನ ಹೆಸರನ್ನೇ ಬೈಗುಳ ಮಾಡಿಕೊಂಡ ಸಮಾಜ ನಮ್ಮದು. ಹಡಪದ ಅಪ್ಪಣ್ಣನನ್ನು ಕಲ್ಯಾಣದ ಶರಣರು ಸರಿಸಮನಾಗಿ ಕೂರಿಸಿಕೊಂಡು ಎಂಟುನೂರು ವರ್ಷ ಕಳೆದರೂ ಈ ಚಾಳಿ ಹೋಗಿಲ್ಲ. ದಲಿತನಿಗೆ ಕುರ್ಚಿ ಕೊಟ್ಟರೆ ಊರ ದೊಡ್ಡವರು ಗಿರಾಕಿ ತಪ್ಪಿಸುತ್ತಾರೆಂಬ ಅಂಜಿಕೆ ಅವನಿಗಿದೆ. ಆ ಅಂಜಿಕೆ ಕಳೆಯುವ ಹೊಣೆ ಸಂಘಟಿತ ಕಾರ್ಮಿಕರದು. ಬಾಗಿಲು ಎಲ್ಲರಿಗೂ ತೆರೆದ ಅಂಗಡಿಗೆ ಗಿರಣಿಯ ಐವತ್ತು ಜನ ತಪ್ಪದೆ ಹೋದರೆ ಯಾವ ಗೌಡನ ಬಹಿಷ್ಕಾರವೂ ಅವನನ್ನು ಅಲ್ಲಾಡಿಸಲಾರದು. ಮನೆಮನೆಗೆ ಶೇವರ್ ಹಂಚಿದರೂ ಈ ರೋಗ ವಾಸಿಯಾಗದು. ಅವಮಾನ ಕಣ್ಣಿಗೆ ಬೀಳದಂತೆ ಮನೆಯೊಳಗೆ ಸೇರಿಕೊಳ್ಳುತ್ತದೆ, ಅಷ್ಟೆ.

ಆದುದರಿಂದ ನಮ್ಮ ಸಲಹೆ ಇಷ್ಟು. ಆರೋಗ್ಯದ ಕಾರಣವಿದ್ದವರು ಮಷೀನು ಕೊಳ್ಳಲಿ, ಆದರೆ ಕಂತಿನ ಸಾಲಕ್ಕೆ ಕೊರಳೊಡ್ಡದಿರಲಿ. ಉಳಿದವರಿಗೆ ಮನೆಯಲ್ಲಿ ಎರಡು ಅಂಚಿನ ಬ್ಲೇಡು, ಬ್ರಷ್ಷು, ಬಿಸಿನೀರು ಧಾರಾಳವಾಗಿ ಸಾಕು. ವಾರಕ್ಕೊಮ್ಮೆಯಾದರೂ ಓಣಿಯ ಕಟಿಂಗ್ ಅಂಗಡಿಗೆ ಹೋಗಲಿ. ಧೂಳಿನ ಕೆಲಸದಲ್ಲಿ ಬಿಗಿಯಾದ ಮುಖವಾಡ ಕೂಡಲು ಗಡ್ಡ ತೆಗೆದು ಬರಬೇಕೆಂದು ಮಾಲೀಕರು ನಿಯಮ ಮಾಡಿದರೆ ಆ ಖರ್ಚನ್ನೂ ಅವರೇ ಕೊಡಲಿ. ಯೂನಿಯನ್ ಇದನ್ನು ತನ್ನ ಬೇಡಿಕೆಗಳಲ್ಲಿ ಸೇರಿಸಲಿ. ಸರ್ಕಾರ ಸಣ್ಣ ಕ್ಷೌರದಂಗಡಿಗಳಿಗೆ ಮನೆಯ ದರದಲ್ಲಿ ಕರೆಂಟು ಕೊಡಲಿ, ಮಷೀನು ಮತ್ತು ಕುರ್ಚಿಗೆ ಬಡ್ಡಿಯಿಲ್ಲದ ಸಾಲ ಕೊಡಲಿ. ಹಾಗೆ ನೆರವು ಪಡೆದ ಪ್ರತಿಯೊಂದು ಅಂಗಡಿಯ ಬಾಗಿಲ ಮೇಲೂ ಇಲ್ಲಿ ಎಲ್ಲ ಜಾತಿಯವರಿಗೂ ಒಂದೇ ಕುರ್ಚಿ, ಒಂದೇ ದರ ಎಂಬ ಫಲಕವಿರಲಿ.

ದೊಡ್ಡಬಸವೇಶ್ವರನ ಜಾತ್ರೆಗೆ ಮುಂಚೆ ಕುರುಗೋಡಿನ ಅಂಗಡಿಗಳ ಬೆಂಚಿನ ಮೇಲೆ ಗಡ್ಡಕ್ಕಾಗಿ ಸಾಲುಗಟ್ಟಿ ಕೂಡುವವರಲ್ಲಿ ಎಲ್ಲ ಕೇರಿಯವರೂ ಇರುವಂತೆ ನೋಡಿಕೊಳ್ಳುವುದು ನಮ್ಮ ಕಾರ್ಯಕರ್ತರ ಮುಂದಿನ ಕೆಲಸ. ಸಿರುಗುಪ್ಪದ ಸಂಗಾತಿಗಳೂ ಹಳ್ಳಿಗಳ ಪಟ್ಟಿ ಮಾಡಿಕೊಂಡು ಈ ತಿಂಗಳಲ್ಲೇ ಹೊರಡಲಿ.