ಗೆದ್ದ ಮೇಲಿನ ಕಥೆ ನಮಗೇಕೆ ಬೇಡ?

ಅಮೆರಿಕದ ಲೇಖಕಿ ಸೂಸನ್ ಕಾಲಿನ್ಸ್ ಅವರ ‘ಹಂಗರ್ ಗೇಮ್ಸ್’ ಕಾದಂಬರಿಮಾಲೆಯ ಕೊನೆಯ ಸಂಪುಟ ‘ಮಾಕಿಂಗ್‌ಜೇ’ ಹೊರಬಂದದ್ದು ೨೦೧೦ರಲ್ಲಿ. ಅಂದಿನಿಂದ ಅದರ ಮೇಲೆ ಒಂದೇ ದೂರು. ಮೊದಲೆರಡು ಸಂಪುಟಗಳಲ್ಲಿ ಬಿಲ್ಲು ಹಿಡಿದು ನಿಂತ ವೀರಕನ್ಯೆಯನ್ನು ಮೂರನೆಯದರಲ್ಲಿ ಮೂಲೆ ಹಿಡಿದು ಕೂರುವ ರೋಗಿಯನ್ನಾಗಿ ಮಾಡಿದರಂತೆ. ದಂಗೆ ಗೆದ್ದರೂ ಗೆದ್ದ ಸಂತೋಷ ಓದುಗನಿಗೆ ದಕ್ಕಲಿಲ್ಲವಂತೆ. ನನ್ನ ಕಾಲೇಜಿನ ಹುಡುಗ ಹುಡುಗಿಯರು ಹೀಗೆನ್ನುತ್ತಾರೆ. ಅವರ ವಯಸ್ಸಿಗೆ ಅದು ಒಪ್ಪುವ ಮಾತು. ಆದರೆ ಸಾಹಿತ್ಯ ಬಲ್ಲ ಹಿರಿಯ ಮಿತ್ರರೂ ಹೀಗೆಯೇ ಹೇಳಿದಾಗ ಸುಮ್ಮನಿರುವುದು ನನ್ನಿಂದಾಗದು.

ಕಥೆಯನ್ನು ಅರಿಯದವರಿಗಾಗಿ ಎರಡು ಮಾತು. ಮುಂದೆಂದೋ ಒಂದು ಕಾಲಕ್ಕೆ ಉತ್ತರ ಅಮೆರಿಕದ ನೆಲದಲ್ಲಿ ಪಾನೆಮ್ ಎಂಬ ದೇಶ. ಸುಖದಲ್ಲಿ ಮುಳುಗಿದ ರಾಜಧಾನಿ, ಅದಕ್ಕೆ ದುಡಿದು ಹಾಕುವ ಹನ್ನೆರಡು ಜಿಲ್ಲೆಗಳು. ವರುಷಕ್ಕೊಮ್ಮೆ ಜಿಲ್ಲೆಗೊಬ್ಬ ಹುಡುಗನನ್ನೂ ಒಬ್ಬ ಹುಡುಗಿಯನ್ನೂ ಚೀಟಿಯೆತ್ತಿ ಆರಿಸಿ, ಒಬ್ಬರು ಉಳಿಯುವವರೆಗೆ ಕೊಲ್ಲಾಡಿಸಿ, ಟೆಲಿವಿಷನ್ನಿನಲ್ಲಿ ದೇಶಕ್ಕೆಲ್ಲ ತೋರಿಸುತ್ತಾರೆ. ತಂಗಿ ಪ್ರಿಮ್‌ಳ ಹೆಸರು ಬಂದಾಗ ಅವಳ ಬದಲು ತಾನೇ ಹೊರಡುವವಳು ಹದಿನಾರರ ಕ್ಯಾಟ್‌ನಿಸ್. ಅವಳ ಗೆಲುವಿನಿಂದ ದಂಗೆಯ ಕಿಡಿ ಹಾರುತ್ತದೆ. ಕೊನೆಯ ಸಂಪುಟದಲ್ಲಿ, ಅಳಿದುಹೋಯಿತೆಂದು ಜನ ನಂಬಿದ್ದ ಹದಿಮೂರನೆಯ ಜಿಲ್ಲೆ ನೆಲದಡಿಯಿಂದ ಎದ್ದು ಅಧ್ಯಕ್ಷೆ ಕಾಯಿನ್‌ಳ ಮುಂದಾಳುತನದಲ್ಲಿ ಯುದ್ಧ ನಡೆಸುತ್ತದೆ.

ಪಾನೆಮ್ ಎಂದರೆ ಲ್ಯಾಟಿನ್ನಿನಲ್ಲಿ ರೊಟ್ಟಿ. ಜನರ ಹೊಟ್ಟೆಗಿಷ್ಟು ರೊಟ್ಟಿ, ಕಣ್ಣಿಗಿಷ್ಟು ಆಟ ಒದಗಿಸಿದರೆ ಆಳುವುದು ಸುಲಭವೆಂಬ ರೋಮನ್ನರ ಮಾತಿನಿಂದ ಬಂದ ಹೆಸರು. ಈಗ ಬಂಡಾಯಗಾರರ ನೆಲಮಾಳಿಗೆಗೆ ಬನ್ನಿ. ಬೆಳಗಾದರೆ ಪ್ರತಿಯೊಬ್ಬರ ತೋಳಿನ ಮೇಲೂ ದಿನಚರಿಯ ಮುದ್ರೆ. ಊಟ ಅಳೆದು ಸುರಿದದ್ದು. ರಾಜಧಾನಿಯಿಂದ ಕರೆತಂದ ಮೂವರು ಅಲಂಕಾರದ ಕೆಲಸದವರನ್ನು ಗೋಡೆಗೆ ಸರಪಳಿ ಬಿಗಿದು ಕೆಡವಿದ್ದಾರೆ. ಏತಕ್ಕೆ? ಪಾಲಿಗೆ ಮೀರಿ ರೊಟ್ಟಿ ತೆಗೆದುಕೊಂಡದ್ದಕ್ಕೆ! ಸ್ವಾತಂತ್ರ್ಯಕ್ಕಾಗಿ ಹೋರಾಡುವವರ ಮನೆಯಲ್ಲಿ ನಾವು ಮೊದಲು ನೋಡುವ ಶಿಕ್ಷೆ ಇದು. ಇನ್ನು ಆಟವೋ, ಅದನ್ನೂ ಅವರು ಬಿಟ್ಟಿಲ್ಲ. ಹಿಂದೆ ಸಾವಿನ ಆಟವನ್ನು ರೂಪಿಸುತ್ತಿದ್ದವನೇ ಇಲ್ಲಿ ಪ್ರಚಾರಚಿತ್ರಗಳ ಯಜಮಾನ. ಕ್ಯಾಟ್‌ನಿಸ್‌ಗೆ ಬಣ್ಣ ಹಚ್ಚಿ, ಉಡುಪು ತೊಡಿಸಿ, ಕ್ಯಾಮರಾದೆದುರು ನಿಲ್ಲಿಸುತ್ತಾನೆ. ಅವಳು ಮೂಲೆ ಹಿಡಿದು ಕೂರುವುದು ಹೇಡಿತನದಿಂದಲ್ಲ, ಸ್ವಾಮಿ. ಎರಡು ಪಕ್ಷಗಳಿಗೂ ತಾನು ಬೇಕಾದದ್ದು ಚಿತ್ರಪಟವಾಗಿ ಎಂದು ಅವಳಿಗೆ ತಿಳಿದುಹೋಗಿದೆ. ಹದಿನೇಳರ ಹುಡುಗಿ ಅದನ್ನರಿತು ನಗುನಗುತ್ತ ಬಿಲ್ಲೆತ್ತಬೇಕಾಗಿತ್ತೆ?

ಪುಸ್ತಕದ ತಿರುಳಿರುವುದು ಒಂದು ಬಾಂಬಿನಲ್ಲಿ. ಅವಳ ಬಾಲ್ಯದ ಬೇಟೆಯ ಜೊತೆಗಾರ ಗೇಲ್, ಒಬ್ಬ ಯಂತ್ರಜ್ಞನೊಡನೆ ಸೇರಿ, ಎರಡು ಸಲ ಸಿಡಿಯುವ ಬಾಂಬಿನ ಉಪಾಯ ಹೂಡುತ್ತಾನೆ: ಮೊದಲ ಸಿಡಿತಕ್ಕೆ ಗಾಯಾಳುಗಳು, ಎರಡನೆಯದಕ್ಕೆ ಅವರನ್ನೆತ್ತಲು ಓಡಿಬಂದವರು. ಮನುಷ್ಯನ ಕರುಣೆಯನ್ನೇ ಬಲೆಯಾಗಿ ಒಡ್ಡುವ ವಿದ್ಯೆ! ಶತ್ರು ಪಾಲಿಸಿದ ನಿಯಮವನ್ನೇ ತಾನೂ ಪಾಲಿಸುತ್ತಿದ್ದೇನೆಂದು ಗೇಲ್‌ನ ಸಮಾಧಾನ. ಕೊನೆಗೆ ಅಂಥದೇ ಬಾಂಬು ರಾಜಧಾನಿಯ ಮಕ್ಕಳ ಮೇಲೆ ಉಡುಗೊರೆಯ ಪೊಟ್ಟಣಗಳಾಗಿ ಇಳಿಯುತ್ತದೆ. ಮಕ್ಕಳ ಶುಶ್ರೂಷೆಗೆ ಓಡಿಬಂದ ಬಂಡಾಯದ ದಾದಿಯರಲ್ಲಿ ಪ್ರಿಮ್ ಒಬ್ಬಳು. ಯಾರನ್ನುಳಿಸಲು ಮೊದಲನೆಯ ಸಂಪುಟ ಆರಂಭವಾಯಿತೋ ಅವಳು ಹೀಗೆ ಸುಟ್ಟುಹೋಗುತ್ತಾಳೆ. ಬಾಂಬು ತನ್ನದೇ ಅಲ್ಲವೇ ಎಂದು ಹೇಳಲು ಗೇಲ್‌ನಿಂದ ಆಗುವುದಿಲ್ಲ. ಗೆದ್ದ ಕಾಯಿನ್, ಶತ್ರುಗಳ ಮಕ್ಕಳನ್ನಿಟ್ಟುಕೊಂಡು ಕಡೆಯದೊಂದು ಆಟ ಆಡಿಸೋಣವೆಂದು ಮತಕ್ಕೆ ಹಾಕುತ್ತಾಳೆ. ಹಳೆಯ ಅಧ್ಯಕ್ಷ ಸ್ನೋನನ್ನು ಕೊಲ್ಲಲೆಂದು ಕೊಟ್ಟ ಬಾಣವನ್ನು ಕ್ಯಾಟ್‌ನಿಸ್ ಕಾಯಿನ್‌ಳಿಗೇ ಬಿಡುತ್ತಾಳೆ.

“ಹಾಗಾದರೆ ಆಳುವವರೆಲ್ಲ ಒಂದೇ, ದಂಗೆಯೇ ವ್ಯರ್ಥವೆಂದಾಯಿತಲ್ಲ, ಎಳೆಯರಿಗೆ ಇದನ್ನು ಕಲಿಸುವುದೆ?” ಎಂದು ಮಿತ್ರರೊಬ್ಬರು ನನ್ನನ್ನು ಕೇಳಿದರು. ಪುಸ್ತಕ ಹಾಗೆಲ್ಲಿ ಹೇಳಿದೆ? ಸ್ನೋನ ಆಳ್ವಿಕೆ ಬೀಳುತ್ತದೆ, ಮಕ್ಕಳನ್ನು ಬಲಿಗೊಡುವ ಆಟ ನಿಲ್ಲುತ್ತದೆ, ಬೇರೊಬ್ಬರು ಅಧ್ಯಕ್ಷರಾಗುತ್ತಾರೆ. ಆ ಬಾಣ ಬಂಡಾಯಕ್ಕೆ ವಿರೋಧವಲ್ಲ, ಬಂಡಾಯವನ್ನು ಕದಿಯಹೊರಟವಳಿಗೆ. ಇದು ಓದುಗರ ಹೊತ್ತು ಕಳೆಯುವ ವಿಚಾರವಷ್ಟೇ ಅಲ್ಲ. ೨೦೧೪ರ ಮೇ ತಿಂಗಳಲ್ಲಿ ಥಾಯ್ಲೆಂಡಿನಲ್ಲಿ ಸೇನೆ ಅಧಿಕಾರ ಹಿಡಿದಾಗ ಜನ ಈ ಕಥೆಯ ಮೂರು ಬೆರಳಿನ ಸಂಜ್ಞೆಯನ್ನೇ ಎತ್ತಿಹಿಡಿದರು. ಆ ನವೆಂಬರಿನಲ್ಲಿ ಪ್ರಧಾನಿಯೆದುರು ಬೆರಳೆತ್ತಿದ ವಿದ್ಯಾರ್ಥಿಗಳನ್ನು ಹಿಡಿದೊಯ್ದರು. ೨೦೨೧ರಲ್ಲಿ ಮ್ಯಾನ್ಮಾರಿನ ಬೀದಿಗಳಲ್ಲಿಯೂ ಅದೇ ಸಂಜ್ಞೆ. ಮೈಯೊಡ್ಡಿ ನಿಂತ ಆ ಎಳೆಯರಿಗೆ ಗೆಲುವಿನ ಸಿಹಿಯನ್ನಷ್ಟೇ ಹೇಳಿ ಕಳಿಸುವುದು ಯಾವ ಪ್ರೀತಿ?

ಈ ಚಪಲ ನಮ್ಮಲ್ಲಿಯೂ ಹಳೆಯದೇ. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ. ಉಳಿದುದನ್ನು ಕನ್ನಡಕ್ಕೆ ಹೇಳಲು ಕೃಷ್ಣದೇವರಾಯನ ಕಾಲಕ್ಕೆ ತಿಮ್ಮಣ್ಣ ಕವಿ ಬರಬೇಕಾಯಿತು. ಗದಾಯುದ್ಧವನ್ನು ರಾಗವಾಗಿ ಹಾಡಿಸಿ ಕೇಳುವ ನಾವು ತಿಮ್ಮಣ್ಣನನ್ನು ಎಷ್ಟು ಮಂದಿ ಓದಿದ್ದೇವೆ? ವ್ಯಾಸರಾದರೋ ಗೆದ್ದ ಧರ್ಮರಾಯನನ್ನು ಹೆಣಗಳ ನಡುವೆ ಅಳುವ ಹೆಂಗಸರೆದುರು ನಿಲ್ಲಿಸಿದರು. ರಾಜ್ಯ ಬೇಡ, ಕಾಡಿಗೆ ಹೋಗುತ್ತೇನೆಂದು ಅವನಿಂದ ಹೇಳಿಸಿದರು. ಅವನನ್ನು ಅಳುಬುರುಕನೆಂದವರಿಲ್ಲ.

ಪುಸ್ತಕದಲ್ಲಿ ದೋಷವಿಲ್ಲವೆಂದಲ್ಲ. ರಾಜಧಾನಿಯ ಬೀದಿಗಳ ಗುಪ್ತ ಬಲೆಗಳ ನಡುವಣ ಓಟ ಹಳೆಯ ಆಟದ ಪುನರಾವೃತ್ತಿ, ಓದುತ್ತ ಬೇಸತ್ತೆ. ಫಿನಿಕ್‌ನಂಥ ಸೊಗಸಾದ ಪಾತ್ರವನ್ನು ನಾಲ್ಕು ಸಾಲಿನಲ್ಲಿ ಮುಗಿಸಿದ್ದು ಅನ್ಯಾಯ. ಚಿತ್ರ ತೆಗೆದವರು ಒಂದು ಪುಸ್ತಕವನ್ನು ೨೦೧೪, ೨೦೧೫ರಲ್ಲಿ ಎರಡು ಟಿಕೇಟುಗಳಾಗಿ ಹರಿದದ್ದು ವ್ಯಾಪಾರ. ಆ ಮಾತು ಇರಲಿ.

ಆದರೆ ಕೊನೆಯ ಪುಟಗಳನ್ನು ತಿದ್ದಬೇಕೆನ್ನುವವರಿಗೆ ನನ್ನ ಸಮ್ಮತಿಯಿಲ್ಲ. ಸತ್ತವರನ್ನು ಹೂಳಿದ ಹುಲ್ಲುಗಾವಲಿನ ಮೇಲೆ ಕ್ಯಾಟ್‌ನಿಸ್‌ಳ ಮಕ್ಕಳಿಬ್ಬರು ಆಡುತ್ತಿದ್ದಾರೆ. ಕೆಳಗೇನಿದೆಯೆಂದು ಅವರಿಗೆ ತಿಳಿಯದು. ಮುಂದೊಂದು ದಿನ ಹೇಳಬೇಕಲ್ಲಾ ಎಂದು ತಾಯಿ ಯೋಚಿಸುತ್ತಾಳೆ. ಕಾಲಿನ್ಸ್ ಅವರ ತಂದೆ ವಿಮಾನದಳದ ಅಧಿಕಾರಿಯಾಗಿ ವಿಯೆಟ್ನಾಮ್ ಯುದ್ಧಕ್ಕೆ ಹೋಗಿದ್ದವರು; ಮನೆಯಲ್ಲಿ ಮಕ್ಕಳಿಗೆ ಯುದ್ಧದ ವಿಚಾರ ಹೇಳುವ ಕಷ್ಟ ಲೇಖಕಿಗೆ ಹೊಸದಲ್ಲ. ಮುಂದೆ ೨೦೨೦ರಲ್ಲಿ ಅವರು ಮತ್ತೆ ಇದೇ ಲೋಕಕ್ಕೆ ಮರಳಿದರು. ಕ್ಯಾಟ್‌ನಿಸ್‌ಗೆ ಇನ್ನಷ್ಟು ಸುಖ ಹಂಚುವುದಕ್ಕಲ್ಲ, ಸ್ನೋ ಎಂಬ ಹುಡುಗ ಕ್ರೂರಿಯಾಗಿ ಬೆಳೆದ ಬಗೆ ಹೇಗೆಂದು ಹೇಳುವುದಕ್ಕೆ.